ಮಾನ ಮುಚ್ಚುವ ಬಟ್ಟೆ

ಬಟ್ಟೆ ಏತಕ್ಕೆ ಎಂದು ಕೇಳಿದರೆ ನಮ್ಮ ಹಿರಿಯರು ಚಳಿಯನ್ನಾಗಲಿ ಬಿಸಿಲನ್ನಾಗಲಿ ಮೊದಲು ಹೇಳುತ್ತಿರಲಿಲ್ಲ. ಮಾನ ಮುಚ್ಚುವುದಕ್ಕೆ ಎನ್ನುತ್ತಿದ್ದರು. ಹೀಗಿರಲು, ಜಲಬಾಧೆಯನ್ನು ತಡೆದುಕೊಳ್ಳಲಾರದ ವೃದ್ಧರಿಗಾಗಿ ಈಗ ಔಷಧದ ಅಂಗಡಿಗಳಲ್ಲಿ ದೊರೆಯುವ ಒಳ ಉಡುಪನ್ನು, ದೊಡ್ಡವರ ಡೈಪರು ಎಂದು ಜನ ಕರೆಯುವ ವಸ್ತುವನ್ನು, ಮಾನ ಕಳೆಯುವ ಬಟ್ಟೆಯೆಂದು ನಾವು ಎಣಿಸುತ್ತಿರುವುದು ವಿಚಿತ್ರವೇ ಸರಿ. ಉಡಬೇಕಾದವರೂ ಹಾಗೆಯೇ ತಿಳಿಯುತ್ತಾರೆ. ತಂದುಕೊಡಬೇಕಾದ ಮಕ್ಕಳೂ ಹಾಗೆಯೇ ತಿಳಿಯುತ್ತಾರೆ.

ಇದರ ಫಲವನ್ನು ನೋಡಿ. ಮದುವೆಯ ಕರೆ ಬಂದರೆ ಅಜ್ಜಿ ಮಂಡಿನೋವಿನ ನೆಪ ಹೇಳುತ್ತಾರೆ. ಬಸ್ಸು ಹತ್ತಬೇಕಾದ ದಿನ ಬೆಳಗಿನ ಕಾಫಿಯನ್ನು ಬಿಡುತ್ತಾರೆ. ಕಡೆಗೆ ನೀರನ್ನೇ ಕಡಮೆ ಮಾಡುತ್ತಾರೆ. ಅದರಿಂದ ಕಷ್ಟ ತಗ್ಗೀತೆಂಬುದು ಭ್ರಮೆ. ಸಾಂದ್ರವಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ. ಮಲಬದ್ಧತೆಯೂ ಸೇರಿ ತೊಂದರೆ ಹೆಚ್ಚುತ್ತದೆ. ಜೀವಮಾನವೆಲ್ಲ ಮಡಿಯಲ್ಲಿ ಬಾಳಿದವರು ಒದ್ದೆಯಾಯಿತೇನೋ ಎಂಬ ಸಂದೇಹವೊಂದಕ್ಕೇ ದೇವರ ಮನೆಯ ಹೊಸ್ತಿಲು ದಾಟಲು ಹಿಂಜರಿಯುತ್ತಾರೆ.

ಇದು ದೇಹದ ದೌರ್ಬಲ್ಯವೇ ಹೊರತು ನಡತೆಯ ದೋಷವಲ್ಲ. ಹೆರಿಗೆಗಳಿಂದ ಸಡಿಲಗೊಂಡ ಸ್ನಾಯುಗಳು, ಗಂಡಸರಲ್ಲಿ ಹಿಗ್ಗಿದ ಪ್ರಾಸ್ಟೇಟ್ ಗ್ರಂಥಿ, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಮರೆವಿನ ರೋಗ, ಹೀಗೆ ಕಾರಣಗಳು ಹಲವು. ಕೆಲವು ಚಿಕಿತ್ಸೆಗೆ ಒಗ್ಗತಕ್ಕವು. ಆ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ 1948ರಲ್ಲಿಯೇ ವಿವರಿಸಿದ್ದರು. ಆದುದರಿಂದ ಅಂಗಡಿಗೆ ಹೋಗುವ ಮೊದಲು ವೈದ್ಯರಲ್ಲಿಗೆ ಹೋಗುವುದು ಸರಿ. ನಾಚಿಕೆಯಿಂದ ಬಚ್ಚಿಟ್ಟ ಕಾಯಿಲೆಗೆ ವೈದ್ಯನಾದರೂ ಏನು ಮಾಡಿಯಾನು?

ಮುಪ್ಪೆಂದರೆ ಎರಡನೆಯ ಬಾಲ್ಯ ಎಂಬ ಮಾತೊಂದುಂಟು. ಪ್ರೀತಿಯಿಂದ ಹುಟ್ಟಿದ ಮಾತೇ ಇರಬಹುದು. ಆದರೆ ಈ ಸಂದರ್ಭದಲ್ಲಿ ಅದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಮಗುವಿಗೆ ನಾಚಿಕೆಯ ಅರಿವಿಲ್ಲ. ಎಂಬತ್ತು ವರುಷ ತನ್ನ ಮೈಯನ್ನು ತಾನೇ ಕಾಪಾಡಿಕೊಂಡು ಬಂದ ತಂದೆಗೆ ಅದರ ಅರಿವು ಉಂಟು. ನೆಂಟರೆದುರಿಗೆ ‘ಬದಲಾಯಿಸಬೇಕೇ?’ ಎಂದು ಕೂಗಿ ಕೇಳುವುದು, ಬಾಗಿಲು ಮುಚ್ಚದೆ ಉಡುಪು ಸರಿಸುವುದು, ಪೊಟ್ಟಣವನ್ನು ನಡುಮನೆಯಲ್ಲಿ ಇಡುವುದು, ಮುಖ ಸಿಂಡರಿಸುವುದು: ಮಾನ ಹೋಗುವುದು ಇವುಗಳಿಂದ, ಬಟ್ಟೆಯಿಂದಲ್ಲ.

ಇವೆಲ್ಲಕ್ಕಿಂತ ದೊಡ್ಡ ಅಪಚಾರವೊಂದಿದೆ. ಕೈ ಹಿಡಿದು ನಡೆಸಿದರೆ ಬಚ್ಚಲಿನವರೆಗೆ ಹೋಗಬಲ್ಲವರಿಗೆ, ‘ಹೇಗೂ ಹಾಕಿದೆಯಲ್ಲ, ಅಲ್ಲೇ ಆಗಲಿ’ ಎನ್ನುವುದು. ಅಲ್ಲಿಗೆ ಆ ಉಡುಪು ವೃದ್ಧರ ಅನುಕೂಲಕ್ಕೆ ಬಂದದ್ದು ಹೋಗಿ ನಮ್ಮ ಸೋಮಾರಿತನಕ್ಕೆ ಒದಗಿದಂತಾಯಿತು. ಒದ್ದೆಯಲ್ಲಿ ಬಹಳ ಹೊತ್ತು ಬಿಟ್ಟರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಮನಸ್ಸಿಗಾಗುವ ಹುಣ್ಣು ಕಣ್ಣಿಗೆ ಕಾಣುವುದಿಲ್ಲ. ಯಾವ ಬಗೆಯ ಉಡುಪು, ಯಾರ ಕೈಯ ನೆರವು, ಯಾವ ಹೊತ್ತು ಎಂಬುದನ್ನು ಅವರನ್ನೇ ಕೇಳಬೇಕು. ಮಗನ ಕೈಯಿಂದ ಈ ಸೇವೆ ಬೇಡವೆಂದು ತಾಯಿ ಹೇಳಿದರೆ ಅದನ್ನು ಮೊಂಡುತನವೆನ್ನಬಾರದು.

ಸೇವೆ ಮಾಡುವವರ ಕಡೆಯ ನ್ಯಾಯವನ್ನೂ ಹೇಳಬೇಕು. ಈ ಹೊರೆ ಬಹುಮಟ್ಟಿಗೆ ಸೊಸೆಯ ಅಥವಾ ಮಗಳ ಪಾಲಿಗೆ ಬೀಳುತ್ತದೆ. ಪೊಟ್ಟಣ ತಂದುಕೊಟ್ಟಲ್ಲಿಗೆ ತನ್ನ ಧರ್ಮ ತೀರಿತೆಂದು ಮಗ ನೆಮ್ಮದಿಯಾಗಿರುತ್ತಾನೆ. ದಿನವೆಲ್ಲ ದಣಿದ ಕೈ ಒರಟಾದರೆ ಆ ಕೈಯನ್ನು ಮಾತ್ರ ದೂರುವುದು ತರವಲ್ಲ. ಮರ್ಯಾದೆಗೆ ಬಿಡುವು ಬೇಕು. ಬಿಡುವಿಗೆ ಕೆಲಸದ ಹಂಚಿಕೆ ಬೇಕು.

ಹಣದ ಮಾತೂ ಇದೆ. ಹೆಂಗಸರ ಮುಟ್ಟಿನ ಪ್ಯಾಡುಗಳ ಮೇಲಣ ಸರಕು ಮತ್ತು ಸೇವಾ ತೆರಿಗೆಯನ್ನು ಸರ್ಕಾರ 2018ರಲ್ಲಿ ಪೂರ್ತಿಯಾಗಿ ತೆಗೆಯಿತು. ರೋಗಿಗಳ ಡೈಪರಿನ ಮೇಲೆ ಶೇಕಡಾ 12ರಷ್ಟಿದ್ದ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿಯಿತು. ಇಳಿದುದು ಸಂತೋಷ, ಉಳಿದುದನ್ನೂ ತೆಗೆಯಬೇಕೆಂದು ಕೇಳುವುದರಲ್ಲಿ ತಪ್ಪಿಲ್ಲ. ದಿನಕ್ಕೆ ಎರಡು ಮೂರು ಬೇಕಾದ ವಸ್ತುವನ್ನು ಕೊಳ್ಳಲಾರದ ಮನೆಗಳು ಬಹಳ. ಅಲ್ಲಿ ಹಳೆಯ ಪಂಚೆಯ ಮಡಿಕೆಯೇ ಆ ಕೆಲಸ ಮಾಡುತ್ತದೆ.

ಅದು ಅಂಗಡಿಯಿಂದ ಬಂದದ್ದಾಗಲಿ, ಹಳೆಯ ಪಂಚೆಯಾಗಲಿ, ಬಾಗಿಲು ಮುಚ್ಚಿ, ಒಂದು ಮಾತು ಕೇಳಿ, ಮೆಲ್ಲನೆ ಉಡಿಸಿದರೆ ಮಾನ ಉಳಿಯುತ್ತದೆ. ಉಳಿಯುವುದು ಅವರೊಬ್ಬರ ಮಾನವಲ್ಲ, ಮನೆಯವರೆಲ್ಲರದು.