ಕೈಗವಸು: ಕೆಲಸ ನೋಡಿ ಕೊಳ್ಳಿ

ವಿಕೆಟ್ ಕೀಪರನಿಗೆ ದಪ್ಪ ಕೈಗವಸು, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಗೆ ತೆಳು ರಬ್ಬರಿನದು, ಬಂದೂಕು ತರಬೇತಿಯ ಸಿಪಾಯಿಗೆ ಬೆರಳಿನ ಸ್ಪರ್ಶ ಕೆಡದಂತೆ ಬಿಗಿಯಾಗಿ ಕೂರುವಂಥದು. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹೊಲಗಳಲ್ಲಿ ದುಡಿಯುವ ಕೈಗಳಿಗೆ? ಎಷ್ಟೋ ಕಡೆ ಬರಿಗೈ. ಇಲ್ಲವೇ ಅಂಗಡಿಯಲ್ಲಿ ಸಿಕ್ಕ ಅಗ್ಗದ ಜೋಡಿ. ತಪ್ಪಾಗಿ ಆರಿಸಿದ ಕೈಗವಸು ಕೆಲವೊಮ್ಮೆ ಬರಿಗೈಗಿಂತ ಅಪಾಯಕಾರಿ ಎಂಬುದನ್ನು ಮರೆಯಬಾರದು.

ನಿಪ್ಪಾಣಿ ಭಾಗದ ತಂಬಾಕನ್ನೇ ನೋಡಿ. ಮುಂಜಾನೆ ಕುಡಿ ಚಿವುಟುವಾಗ, ಕೊಯ್ಯುವಾಗ ಎಲೆಯ ನಿಕೋಟಿನ್ ಇಬ್ಬನಿಯಲ್ಲಿ ಕರಗಿ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆಸುತ್ತು, ತಲೆನೋವು, ವಾಕರಿಕೆ, ವಾಂತಿ ಇದರ ಲಕ್ಷಣಗಳು. ಪಿತ್ತ ಹೆಚ್ಚಾಯಿತೆಂದು ಸುಮ್ಮನಾಗಬೇಡಿ. ತಂಬಾಕು ಬಾಯಿಗೆ ಹಾಕದ ಹೆಂಗಸರಿಗೂ ಇದು ಬರುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು 1980ರ ದಶಕದಲ್ಲಿ ತಂಬಾಕು ಕೊಯ್ಯುವವರಿಗೆ ರಬ್ಬರ್ ಕೈಗವಸು ತೊಡಿಸಿ ನೋಡಿದಾಗ, ಅವರ ಮೂತ್ರದಲ್ಲಿ ನಿಕೋಟಿನ್ ಅಂಶ ಕಡಿಮೆಯಾಗಿತ್ತು. ಬಟ್ಟೆಯ ಕೈಗವಸಾದರೋ ಇಬ್ಬನಿ ಹೀರಿ, ಆ ವಿಷವನ್ನು ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿದಿರುತ್ತದೆ.

ಕಬ್ಬಿನ ಕಟಾವಿಗೆ ಲೆಕ್ಕ ಬೇರೆ. ಇಲ್ಲಿ ಶತ್ರು ವಿಷವಲ್ಲ. ಎಲೆಯ ಗರಗಸದಂಥ ಅಂಚು ಮತ್ತು ಕೊಯ್ತಾದ ಬಾಯಿ. ತೆಳು ರಬ್ಬರು ಒಂದು ಗಳಿಗೆಯಲ್ಲಿ ಹರಿಯುತ್ತದೆ. ಅಂಗೈಗೆ ಚರ್ಮ ಹೊಲಿದ ದಪ್ಪ ಬಟ್ಟೆಯದು ಒಳ್ಳೆಯದು. ಕಬ್ಬು ಹಿಡಿಯುವ ಕೈಗೆ ಅದು ಬೇಕೇಬೇಕು. ಕೊಯ್ತಾ ಹಿಡಿದ ಕೈಯಲ್ಲಿ ಹಿಡಿ ಜಾರುವಂತಿರಬಾರದು.

ಅಥಣಿ, ಕಾಗವಾಡದ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟನಿಯ ನಂತರ ಕಣ್ಣು ಒಡೆಯಲು ಹೈಡ್ರೋಜನ್ ಸೈನಮೈಡ್ ಹಚ್ಚುತ್ತಾರೆ. ಇದು ಚರ್ಮ ಸುಡುತ್ತದೆ. ಹಚ್ಚಿದ ದಿನಗಳಲ್ಲಿ ಮದ್ಯ ಕುಡಿದರೆ ಜೀವಕ್ಕೇ ಕುತ್ತು. ಇದಕ್ಕೂ ಔಷಧ ಸಿಂಪಡಣೆಗೂ ಒಳಗೆ ಬಟ್ಟೆಯ ಪದರವಿಲ್ಲದ, ಮುಂಗೈ ಮುಚ್ಚುವ ನೈಟ್ರೈಲ್ ರಬ್ಬರಿನದೇ ಬೇಕು. ಕೈ ಮೇಲೆತ್ತಿ ಮಾಡುವ ಕೆಲಸವಾದ್ದರಿಂದ ಅಂಗಿಯ ತೋಳು ಕೈಗವಸಿನ ಒಳಗಿರಲಿ. ಇಲ್ಲದಿದ್ದರೆ ಔಷಧ ತೋಳಿನೊಳಗೆ ಹರಿಯುತ್ತದೆ. ಕೈ ಕೆಳಗಿಟ್ಟು ಸಿಂಪಡಿಸುವಾಗ ತೋಳು ಹೊರಗಿರಲಿ.

ಒಂದು ಎಚ್ಚರಿಕೆ: ರಾಶಿ ಯಂತ್ರ, ಮೇವು ಕತ್ತರಿಸುವ ಯಂತ್ರ ತಿರುಗುತ್ತಿರುವಾಗ ಕೈಗವಸು ಬೇಡವೇ ಬೇಡ. ಅದರ ತುದಿ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಕೊಳ್ಳುವಾಗ ಅಂಗೈ ಸುತ್ತಳತೆ ನೋಡಿ. ಎಂಟು ಅಂಗುಲವಿದ್ದರೆ 8ನೆಯ ನಂಬರು. ಗಂಡಸರ ಅಳತೆಯದು ಹೆಂಗಸರ ಕೈಯಲ್ಲಿ ಜಾರುತ್ತದೆ. ರಬ್ಬರಿನದಕ್ಕೆ ನೀರು ತುಂಬಿ ತೂತು ಪರೀಕ್ಷಿಸಿ. ಕೆಲಸ ಮುಗಿದ ಮೇಲೆ ಕೈಯಲ್ಲಿರುವಾಗಲೇ ಸೋಪಿನಿಂದ ತೊಳೆದು ನಂತರ ಕಳಚಿ. ಅಡುಗೆಮನೆಗೆ ತರಬೇಡಿ.

ಇದರ ಖರ್ಚು ಯಾರದು? ಕೂಲಿಯವರೇ ತರಲಿ ಎನ್ನುವುದು ನ್ಯಾಯವಲ್ಲ. ಕೀಟನಾಶಕ ಸಿಂಪಡಿಸುವವರಿಗೆ ರಕ್ಷಣಾ ಉಡುಪು ಇರಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಬೀಜ, ಗೊಬ್ಬರ, ಔಷಧದ ಲೆಕ್ಕ ಬರೆಯುವ ರೈತ ಬಂಧುಗಳು ಅದೇ ಪುಟದಲ್ಲಿ ಆಳಿಗೊಂದು ಜೋಡಿ ಕೈಗವಸನ್ನೂ ಬರೆದುಕೊಳ್ಳಲಿ. ಔಷಧದ ಒಂದು ಬಾಟಲಿಯ ಬೆಲೆಯ ಮುಂದೆ ಅದು ದೊಡ್ಡ ಖರ್ಚೇನಲ್ಲ.