ಬೈಕಿಗೂ ಯೌವನಕ್ಕೂ ಏನು ನಂಟು?

‘ರೀ, ಈ ವಯಸ್ಸಿಗೆ ಇದೆಲ್ಲ ಬೇಕಾ?’ 60 ದಾಟಿಯೂ ಬೈಕು ಬಿಡದವರೆಲ್ಲ ಈ ಮಾತು ಕೇಳಿಸಿಕೊಂಡಿರುತ್ತಾರೆ. ಹೆಂಡತಿ ಕೇಳುತ್ತಾಳೆ, ಮಗ ಫೋನಿನಲ್ಲಿ ಕೇಳುತ್ತಾನೆ, ಪೆಟ್ರೋಲ್ ಬಂಕಿನಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿ ಕೂಡ ಹೆಲ್ಮೆಟ್ಟು ತೆಗೆದ ತಲೆಯನ್ನು ನೋಡಿ ‘ಸಾರ್, ಇನ್ನೂ ಬೈಕೇನಾ?’ ಅನ್ನುತ್ತಾನೆ. ನನಗೀಗ 61. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಕೇಳುವವರ ಕಾಳಜಿಯಲ್ಲಿ ನನಗೆ ಅನುಮಾನವಿಲ್ಲ. ಅವರು ಕೇಳುವ ಪ್ರಶ್ನೆಯ ಮೇಲೆ ನನ್ನ ತಕರಾರಿದೆ. ಅದು ಸುರಕ್ಷತೆಯ ಪ್ರಶ್ನೆಯಂತೆ ಕೇಳಿಸುತ್ತದೆ, ಆದರೆ ಸುರಕ್ಷತೆಯ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ.

ನಂಬಿಕೆ ಬಾರದಿದ್ದರೆ ಬೆಳಿಗ್ಗೆ ಆರು ಗಂಟೆಗೆ ಹಾಸನದಿಂದ ಯಾವ ದಿಕ್ಕಿಗಾದರೂ ಹತ್ತು ಕಿಲೋಮೀಟರ್ ಹೋಗಿ ನೋಡಿ. 65, 70 ದಾಟಿದ ರೈತರು ಟಿವಿಎಸ್ ಎಕ್ಸೆಲ್ ಮೇಲೆ ಹಿಂದೆ ಹಾಲಿನ ಕ್ಯಾನು ಕಟ್ಟಿಕೊಂಡು, ಮುಂದೆ ಕಾಲ ಬಳಿ ಬೂಸದ ಮೂಟೆ ಇಟ್ಟುಕೊಂಡು ಡೇರಿಗೆ ಹೋಗುತ್ತಿರುತ್ತಾರೆ. ತಲೆಯ ಮೇಲೆ ಹೆಲ್ಮೆಟ್ಟಿನ ಜಾಗದಲ್ಲಿ ಟವೆಲ್ಲು. ಹಿಂದಿನ ದೀಪ ಉರಿದು ಎಷ್ಟು ಕಾಲವಾಯಿತೋ. ಅವರನ್ನು ಯಾರೂ ‘ಈ ವಯಸ್ಸಿಗೆ ಬೇಕಾ’ ಎಂದು ಕೇಳುವುದಿಲ್ಲ. ಕೇಳಿದರೆ ಡೇರಿಗೆ ಹಾಲು ಹಾಕುವವರು ಯಾರು? ಅವರೇ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಜಾತ್ರೆಗೆ ಹೊರಟರೆ ಊರಿಗೆ ಊರೇ ಕೈಮುಗಿದು ಕಳಿಸುತ್ತದೆ. ಇನ್ನೊಬ್ಬ ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು ಹಾಕಿಕೊಂಡು, ಟೈರಿನ ಗಾಳಿ ನೋಡಿಕೊಂಡು, ಸಕಲೇಶಪುರದವರೆಗೆ ಹೋಗಿ ಕಾಫಿ ಕುಡಿದು ಬರುತ್ತೇನೆ ಎಂದರೆ ಮಾತ್ರ ಎಲ್ಲರಿಗೂ ವಯಸ್ಸು ನೆನಪಾಗುತ್ತದೆ. ಮುದುಕ ದುಡಿಯಬಹುದು, ದೇವರಿಗೆ ಹೋಗಬಹುದು. ಸುಮ್ಮನೆ ಖುಷಿಗೆ ಹೋಗುವಂತಿಲ್ಲ.

ಹೆಂಗಸರಿಗೆ ಈ ಪ್ರಶ್ನೆ ಇನ್ನೂ ಬೇಗ ಬರುತ್ತದೆ. ನಮ್ಮ ಬೀದಿಯ ನಿವೃತ್ತ ನರ್ಸ್ ಒಬ್ಬರು 54ನೇ ವಯಸ್ಸಿನಲ್ಲಿ ಸ್ಕೂಟರ್ ಕಲಿತರು. ಗಂಡನಿಗೆ ಮಾತ್ರೆ ತರಲು ಹೋದಾಗ ಬೀದಿಯವರು ‘ಎಷ್ಟು ಧೈರ್ಯ ನೋಡಿ’ ಎಂದು ಹೊಗಳುತ್ತಾರೆ. ಸಂಜೆ ಸುಮ್ಮನೆ ಕೆರೆ ಏರಿಯವರೆಗೆ ಹೋಗಿ ಬಂದರೆ ಅದೇ ಜನ ‘ಎಲ್ಲಿಗೆ ಹೋಗಿದ್ರಿ ಅಮ್ಮಾ?’ ಎಂದು ವಿಚಾರಿಸುತ್ತಾರೆ. ಗಾಡಿಯೂ ಅದೇ, ವಯಸ್ಸೂ ಅದೇ. ಅಡ್ಡ ಬರುವುದು ಆ ‘ಸುಮ್ಮನೆ’ ಒಂದೇ.

ಸಾಹಿತ್ಯ ಓದುವ ನಿಮಗೆ ಇದರ ಬೇರು ಎಲ್ಲಿದೆ ಎಂದು ಗೊತ್ತಿರಬಹುದು. ಮುಪ್ಪಿನ ಆಸೆಗೆ ನಮ್ಮಲ್ಲಿ ಇರುವ ದೊಡ್ಡ ಹೆಸರು ಯಯಾತಿ. ಶುಕ್ರಾಚಾರ್ಯರ ಶಾಪದಿಂದ ಮುಪ್ಪು ಬಂದಾಗ ಮಕ್ಕಳ ಮುಂದೆ ಯೌವನಕ್ಕಾಗಿ ಕೈಯೊಡ್ಡಿದವನು, ಕೊನೆಗೆ ಪುರುವಿನಿಂದ ಅದನ್ನು ಪಡೆದವನು. ಗಿರೀಶ ಕಾರ್ನಾಡರು 1961ರಲ್ಲಿ ಬಂದ ತಮ್ಮ ಮೊದಲ ನಾಟಕಕ್ಕೆ ಇದೇ ಕಥೆಯನ್ನು ಆರಿಸಿಕೊಂಡರು. ವಯಸ್ಸಾದವನೊಬ್ಬ ಏನನ್ನಾದರೂ ಆಸೆಪಟ್ಟರೆ ಅವನು ಕೇಳುತ್ತಿರುವುದು ಯೌವನವನ್ನೇ, ಅದಕ್ಕೆ ಬೆಲೆ ತೆರುವವರು ಮಕ್ಕಳೇ ಎಂಬ ಭಯ ನಮ್ಮ ಮನಸ್ಸಿನಲ್ಲಿ ಅಷ್ಟು ಆಳವಾಗಿ ಕೂತಿದೆ. ಬೈಕು ಹತ್ತಿದ ಅಪ್ಪನನ್ನು ನೋಡಿ ಮಗನಿಗೆ ಆಗುವ ಮುಜುಗರದಲ್ಲೂ ಅದರದೊಂದು ಪಾಲು ಇದೆ.

ಇದಕ್ಕೆ ಉತ್ತರವೆಂದು ಮಾರುಕಟ್ಟೆ ಕೊಡುವ ಮಾತು ‘ವಯಸ್ಸು ಬರೀ ಒಂದು ಸಂಖ್ಯೆ’. ಜಾಹೀರಾತಿನಲ್ಲಿ ಬಿಳಿ ಗಡ್ಡದ ಮಾಡೆಲ್ ಒಬ್ಬ ಲಡಾಖಿನ ರಸ್ತೆಯಲ್ಲಿ ಕೈ ಚಾಚಿ ನಿಂತಿರುತ್ತಾನೆ. ನಮ್ಮ ವಯಸ್ಸಿನವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಬೆಳಿಗ್ಗೆಯೇ ಅಂಥ ಚಿತ್ರಗಳು ಬಂದು ಬೀಳುತ್ತವೆ. ನನಗೆ ಇದು ಹೆಂಡತಿ ಮಕ್ಕಳ ಪ್ರಶ್ನೆಗಿಂತ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ. ಬೈಕು ಯೌವನಕ್ಕೆ ಸೇರಿದ್ದು ಎಂಬುದನ್ನು ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದಾರೆ. ಮನೆಯವರು ‘ಯೌವನ ಹೋಯಿತು, ಬಿಡು’ ಅನ್ನುತ್ತಾರೆ. ಕಂಪನಿಯವನು ‘ಯೌವನ ಹೋಗಿಲ್ಲ, ಕೊಳ್ಳು’ ಅನ್ನುತ್ತಾನೆ. ಎರಡೂ ನನಗೆ ಬೇಡ. ಬೈಕು ಯೌವನದ ಆಸ್ತಿ ಎಂದು ಬರೆದುಕೊಟ್ಟವರು ಯಾರು?

ವಯಸ್ಸು ಬರೀ ಸಂಖ್ಯೆ ಅಲ್ಲ ಎಂಬುದನ್ನು ನಾನು ವಿಜ್ಞಾನದ ಮೇಷ್ಟ್ರಾಗಿಯೇ ಹೇಳುತ್ತೇನೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 20ರ ಕಣ್ಣಿಗೆ ಹೋಲಿಸಿದರೆ 60ರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಹೆಚ್ಚುಕಡಿಮೆ ಮೂರನೇ ಒಂದು ಭಾಗ. ಎದುರಿನ ಲಾರಿಯ ಹೆಡ್‌ಲೈಟು ಕಣ್ಣಿಗೆ ಹೊಡೆದರೆ ಚೇತರಿಸಿಕೊಳ್ಳಲು ಹಿಂದಿಗಿಂತ ಹೆಚ್ಚು ಹೊತ್ತು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಬ್ರೇಕು ಹಿಡಿಯಲು ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರಿಗಿಂತ ಹೆಚ್ಚು ದೂರ ಕೈಬಿಟ್ಟಂತೆ. ಕುತ್ತಿಗೆ ಹಿಂದಕ್ಕೆ ಮೊದಲಿನಷ್ಟು ತಿರುಗುವುದಿಲ್ಲ. ನೆಗಡಿಯ ಮಾತ್ರೆ ನಿದ್ದೆ ಬರಿಸುತ್ತದೆ, ಬಿ.ಪಿ. ಮಾತ್ರೆ ಕೆಲವರಿಗೆ ತಲೆ ತಿರುಗಿಸುತ್ತದೆ. ಇದ್ಯಾವುದನ್ನೂ ಜಾಹೀರಾತು ಹೇಳುವುದಿಲ್ಲ.

ಇದನ್ನೆಲ್ಲ ತಿಳಿದುಕೊಂಡು ಓಡಿಸುವುದೇ ಒಂದು ವಿದ್ಯೆ. 25ರಲ್ಲಿ ನಾನು ಯೆಜ್ಡಿ ಓಡಿಸುತ್ತಿದ್ದೆ. ಕಿಕ್ಕರಿಗೂ ಗೇರಿಗೂ ಒಂದೇ ಲಿವರು ಇದ್ದ ಗಾಡಿ. ಮಂಡಿ ‘ಇನ್ನು ಸಾಕು’ ಅಂದ ವರ್ಷ ಸೆಲ್ಫ್ ಸ್ಟಾರ್ಟಿನ ಹಗುರವಾದ ಬೈಕಿಗೆ ಬದಲಾದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಬ್ರೇಕು ಕಡ್ಡಾಯವಾಗಿರುವುದರಿಂದ ಅದೂ ಬಂತು. ಕತ್ತಲಾದ ಮೇಲೆ ಊರು ದಾಟುವುದಿಲ್ಲ. ಮೊದಲ ಮಳೆ ಬಿದ್ದು ರಸ್ತೆಯ ಎಣ್ಣೆ, ಧೂಳು ಜಿಡ್ಡಾಗಿರುವ ದಿನ ಗಾಡಿ ತೆಗೆಯುವುದಿಲ್ಲ. ಇವುಗಳಲ್ಲಿ ಯಾವುದೂ ನನಗೆ ಸೋಲು ಅನ್ನಿಸಿಲ್ಲ. ಹಾಡುಗಾರರು ವಯಸ್ಸಾದಂತೆ ಶ್ರುತಿ ಇಳಿಸಿಕೊಳ್ಳುತ್ತಾರೆ. ಅದಕ್ಕೆ ಯಾರೂ ಅವರನ್ನು ಹಾಡು ನಿಲ್ಲಿಸಿ ಅನ್ನುವುದಿಲ್ಲ, ಇಳಿಸಿದ ಶ್ರುತಿಯಲ್ಲಿ ಮಾತ್ರ ಕೇಳಿಸುವ ಒಂದು ನಿಧಾನಕ್ಕೆ ಕಿವಿಗೊಡುತ್ತಾರೆ.

ಆ ನಿಧಾನದಲ್ಲಿ ರಸ್ತೆ ಬೇರೆಯಾಗಿಯೇ ಕಾಣುತ್ತದೆ. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಹುರುಳಿ, ರಾಗಿ ತೆನೆಗಳನ್ನು ರಸ್ತೆಯ ಮೇಲೆ ಹರಡಿರುತ್ತಾರೆ. ಓಡಾಡುವ ಗಾಡಿಗಳೇ ಒಕ್ಕಣೆ ಮಾಡಬೇಕು. ಹುರುಳಿ ಸೊಪ್ಪಿನ ಮೇಲೆ ಬ್ರೇಕು ಹಿಡಿದರೆ ಏನಾಗುತ್ತದೆ ಎಂಬುದು ಕೈಗೆ ಗೊತ್ತಿರಬೇಕು. ತಿರುವಿನ ಒಳಮೈಯಲ್ಲಿ ಬಿದ್ದ ಜಲ್ಲಿ, ಅಂಗಳದಿಂದ ಓಡಿಬಂದ ಕರುವಿನ ಹಿಂದೆಯೇ ಮಗು ಬರಬಹುದೆಂಬ ಎಣಿಕೆ, ಆಗುಂಬೆಯ 14 ತಿರುವುಗಳಲ್ಲಿ ಕೆಳಗಿನಿಂದ ಬಸ್ಸು ಹತ್ತುತ್ತಿರುವ ಸದ್ದು, ಇವೆಲ್ಲ ವರ್ಷಗಳು ಕಲಿಸಿದ ಪಾಠ. 25ರಲ್ಲಿ ನನಗೆ ರಸ್ತೆಯ ತುದಿ ಮಾತ್ರ ಬೇಕಿತ್ತು. ಇವತ್ತು ಮಧ್ಯದ್ದೆಲ್ಲ ಬೇಕು. ಈ ಸುಖ ಆಗ ನನ್ನ ಬಳಿ ಇರಲೇ ಇಲ್ಲ. ಹಾಗಿದ್ದ ಮೇಲೆ ಅದನ್ನು ಯಾವ ಮಗನಿಂದ ಕಸಿದುಕೊಳ್ಳಲಿ?

ನ್ಯೂಜಿಲೆಂಡಿನ ಬರ್ಟ್ ಮನ್ರೋ ಕಥೆಯನ್ನು ಹಲವರು ಹೇಳುತ್ತಿರುತ್ತಾರೆ. 1967ರಲ್ಲಿ, 68ನೇ ವಯಸ್ಸಿನಲ್ಲಿ, ಅಮೆರಿಕದ ಬಾನವಿಲ್ ಉಪ್ಪಿನ ಬಯಲಿನಲ್ಲಿ 1920ರ ಇಂಡಿಯನ್ ಸ್ಕೌಟ್ ಬೈಕನ್ನು ಗಂಟೆಗೆ ಸುಮಾರು 295 ಕಿಲೋಮೀಟರ್ ವೇಗದಲ್ಲಿ ಓಡಿಸಿ ತನ್ನ ವರ್ಗದಲ್ಲಿ ದಾಖಲೆ ಮಾಡಿದವನು. ‘ನೋಡಿ, ಮನಸ್ಸಿದ್ದರೆ ಮುಪ್ಪಿಲ್ಲ’ ಎಂಬ ನೀತಿಯನ್ನು ಈ ಕಥೆಗೆ ಅಂಟಿಸುತ್ತಾರೆ. ನಾನು ಅದನ್ನು ಬೇರೆ ರೀತಿ ಓದುತ್ತೇನೆ. ಅವನು ಒಂದೇ ಗಾಡಿಯನ್ನು ನಾಲ್ಕು ದಶಕಕ್ಕೂ ಹೆಚ್ಚು ಕಾಲ ತನ್ನ ಶೆಡ್ಡಿನಲ್ಲಿ ಬಿಚ್ಚಿ ಜೋಡಿಸಿದ, ಪಿಸ್ಟನ್ನುಗಳನ್ನು ತಾನೇ ಎರಕ ಹೊಯ್ದುಕೊಂಡ. ಆ ದಾಖಲೆ 25ರ ಹುಡುಗನ ಕೈಯಲ್ಲಿ ಆಗುವಂಥದ್ದಲ್ಲ. ಅದಕ್ಕೆ ಅಷ್ಟು ವರ್ಷಗಳೇ ಬೇಕಿದ್ದವು.

ನಮ್ಮ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಗಾಡಿಗಳು ಇವತ್ತಿಗೂ ಓಡುತ್ತಿವೆ. ಪ್ರತಿ ಜುಲೈನಲ್ಲಿ ಜಾವಾ ದಿನವೆಂದು ಅವುಗಳ ಮೆರವಣಿಗೆ ನಡೆಯುತ್ತದೆ, ಹುಡುಗರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. 50 ವರ್ಷದ ಗಾಡಿಗೆ ‘ವಿಂಟೇಜ್’ ಎಂಬ ಗೌರವ. ಅದನ್ನು ಹೊಸದರಲ್ಲಿ ಕೊಂಡು ಇಷ್ಟು ವರ್ಷ ಸಾಕಿದವನಿಗೆ ‘ಇನ್ನು ಮನೆಯಲ್ಲಿರಿ ತಾತ’ ಎಂಬ ಬುದ್ಧಿವಾದ.

ಕಾನೂನಿನ ಕಥೆ ಇನ್ನೂ ವಿಚಿತ್ರ. ಬೈಕಿಗೆ 15 ವರ್ಷ ತುಂಬಿದರೆ ನೋಂದಣಿ ನವೀಕರಣಕ್ಕೆ ಅದನ್ನು ಆರ್‌ಟಿಒ ಮುಂದೆ ತಂದು ನಿಲ್ಲಿಸಬೇಕು. ಓಡಿಸುವವನಿಗೆ 40 ದಾಟಿದರೆ ಪರವಾನಗಿಗೆ ವೈದ್ಯರು ಸಹಿ ಮಾಡಿದ ‘ನಮೂನೆ 1ಎ’ ಬೇಕು. 55 ದಾಟಿದವರಿಗೆ ಐದೈದು ವರ್ಷಕ್ಕೆ ನವೀಕರಣ. ಆ ನಮೂನೆಯಲ್ಲಿರುವ ಪ್ರಶ್ನೆಗಳು ನಿಜಕ್ಕೂ ಒಳ್ಳೆಯವು: ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಗುರುತಿಸಬಲ್ಲನೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ. ನನ್ನ ನವೀಕರಣದ ಸಲ ವೈದ್ಯರು ತಲೆ ಎತ್ತದೆ ಸಹಿ ಮಾಡಿ ಫೀಸು ತೆಗೆದುಕೊಂಡರು. ನನ್ನ ಕಣ್ಣಿನ ಬಣ್ಣ ಕೂಡ ಅವರಿಗೆ ಗೊತ್ತಿಲ್ಲ. ಬೈಕಿನ ದೀಪವನ್ನು ಉರಿಸಿ ನೋಡಿದವರಿದ್ದರು. ನನ್ನ ಕಣ್ಣನ್ನು ನೋಡಿದವರಿಲ್ಲ. ನನ್ನ ಬೇಡಿಕೆ ಸರಳ: ಪರೀಕ್ಷೆ ಮಾಡಿ, ನಿಜವಾಗಿ ಮಾಡಿ. ಕತ್ತಲ ಕೋಣೆಯಲ್ಲಿ ಕಣ್ಣು ನೋಡಿ, ಕುತ್ತಿಗೆ ತಿರುಗಿಸಲು ಹೇಳಿ, ಮೈದಾನದಲ್ಲಿ ಎಂಟು ಹಾಕಿಸಿ. ಫೇಲಾದರೆ ಪರವಾನಗಿ ಹಿಂದಿರುಗಿಸುತ್ತೇನೆ. ಹುಟ್ಟಿದ ತಾರೀಖು ನೋಡಿ ತೀರ್ಪು ಕೊಡಬೇಡಿ.

ಮನೆಯವರ ಒಂದು ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ‘ಬಿದ್ದರೆ ನೋಡಿಕೊಳ್ಳಬೇಕಾದವರು ನಾವು.’ ನಿಜ. 25ರಲ್ಲಿ ಆರು ವಾರಕ್ಕೆ ಕೂಡಿಕೊಳ್ಳುವ ಮೂಳೆ ಈಗ ಅಷ್ಟು ಬೇಗ ಕೂಡುವುದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅವರಲ್ಲಿ ಶೇ. 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಸತ್ತವರಲ್ಲಿ ಹೆಚ್ಚಿನವರು 18ರಿಂದ 45ರೊಳಗಿನವರು ಎಂಬುದನ್ನು ನನ್ನ ಪರವಾಗಿ ಬಳಸಬಹುದಿತ್ತು, ಆದರೆ ಬಳಸುವುದಿಲ್ಲ. ರಸ್ತೆಯಲ್ಲಿ ಹೆಚ್ಚು ಇರುವವರೂ ಅವರೇ. ನನ್ನ ಬೀಳುವಿಕೆಯ ಭಾರ ಹೊರುವವರಿಗೆ ಷರತ್ತು ಹಾಕುವ ಹಕ್ಕಿದೆ ಎಂದು ನಾನು ಒಪ್ಪುತ್ತೇನೆ. ಯಾವ ದಾರಿ ಎಂದು ಹೇಳಿ ಹೊರಡು, ವರ್ಷಕ್ಕೊಮ್ಮೆ ಕಣ್ಣು ತೋರಿಸು, ಒಬ್ಬನೇ ಘಾಟಿ ಇಳಿಯಬೇಡ. ಇವಕ್ಕೆಲ್ಲ ನಾನು ಸಿದ್ಧ. ಬೈಪಾಸಿನಲ್ಲಿ ಗಂಟೆಗೆ 110ರಲ್ಲಿ ಹೋಗುವ ಮಗನೂ ಅವನ ಷರತ್ತುಗಳಿಗೆ ಸಿದ್ಧನಾಗಬೇಕು.

ಷರತ್ತಿಗೂ ಕೀಲಿ ಕಸಿದುಕೊಳ್ಳುವುದಕ್ಕೂ ಬಹಳ ಅಂತರವಿದೆ. ವಯಸ್ಸಾದವರ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ನೀವೂ ನೋಡಿರುತ್ತೀರಿ. ಮೊದಲು ಬೈಕಿನ ಕೀಲಿ ಹೋಗುತ್ತದೆ, ‘ನಿಮ್ಮ ಒಳ್ಳೆಯದಕ್ಕೆ’. ಆಮೇಲೆ ಎಟಿಎಂ ಕಾರ್ಡು, ‘ನಿಮಗ್ಯಾಕೆ ತೊಂದರೆ’. ಆಮೇಲೆ ಮನೆ ಪತ್ರ. ಬಸ್ಸು ದಿನಕ್ಕೆ ಎರಡು ಸಲ ಬರುವ ಊರುಗಳಲ್ಲಿ ಬೈಕು ಎಂದರೆ ಯಾರನ್ನೂ ಕೇಳದೆ ಹೊರಡುವ ಹಕ್ಕು. ‘ಅಪ್ಪಾ, ಎಲ್ಲಿಗೆ ಬೇಕಾದರೂ ನಾನು ಕರೆದುಕೊಂಡು ಹೋಗ್ತೀನಿ’ ಎನ್ನುವ ಮಗ ನಿಜಕ್ಕೂ ಒಳ್ಳೆಯವನು. ಆದರೆ ಅವನಿಗೆ ಬಿಡುವಾದಾಗ, ಅವನಿಗೆ ಸರಿ ಕಂಡ ಕಡೆಗೆ. ‘ಸುಮ್ಮನೆ ಒಂದು ಸುತ್ತು’ ಎಂದು ಯಾವ ಅಪ್ಪ ಬಾಯಿಬಿಟ್ಟು ಕೇಳುತ್ತಾನೆ?

ಒಂದು ದಿನ ನಾನೂ ನಿಲ್ಲಿಸುತ್ತೇನೆ. ಯಾವಾಗ ಎಂಬುದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟಿದ್ದೇನೆ: 25 ಮೀಟರಿನಿಂದ ನಂಬರ್ ಪ್ಲೇಟ್ ಓದಲಾಗದ ದಿನ, ನಿಂತ ಗಾಡಿಯನ್ನು ಸ್ಟ್ಯಾಂಡಿನಿಂದ ಒಬ್ಬನೇ ತೆಗೆಯಲಾಗದ ದಿನ, ಬಂದ ತಿರುವು ನೆನಪಿಗೆ ಬಾರದ ದಿನ. ಮೂರರಲ್ಲಿ ಒಂದಾದರೂ ಸಾಕು. ಇದನ್ನು ಬರೆಯುವಾಗ ನನಗೆ ಯಾರ ಒತ್ತಾಯವೂ ಇರಲಿಲ್ಲ. ಬರೆದ ಮೇಲೆ ಅದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ನಾಲ್ಕನೆಯದೊಂದು ಸೇರಿಸಿದಳು, ಅದೂ ಅಲ್ಲಿದೆ.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ನನ್ನದು ಒಂದು ವಿನಂತಿ. ನಿಮ್ಮ ಅಪ್ಪನೋ ಅಮ್ಮನೋ ಗಾಡಿ ತೆಗೆಯುವಾಗ ‘ಈ ವಯಸ್ಸಿಗೆ ಬೇಕಾ’ ಎಂದು ಕೇಳಬೇಡಿ. ‘ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುತ್ತಾ? ಮಂಡಿ ಹೇಗಿದೆ? ಹಿಂದಿನ ಟೈರು ಸವೆದಿಲ್ಲ ತಾನೇ?’ ಎಂದು ಕೇಳಿ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಹುದು. ಉತ್ತರ ಸರಿ ಬರದಿದ್ದರೆ ಗಾಡಿಯನ್ನು ಮನೆಯಲ್ಲೇ ನಿಲ್ಲಿಸಬಹುದು. ಸರಿ ಬಂದರೆ ಗೇಟು ತೆಗೆದು ಕೊಡಿ.