ಒತ್ತೆಯಾಳು ಯಾರು?

ಸುನಿಲ್ ಕುಮಾರ್ ದೇಸಾಯಿ ಅವರ ‘ನಿಷ್ಕರ್ಷ’ ಚಿತ್ರ ಬಂದದ್ದು 1993ರಲ್ಲಿ. ಮಣಿಪಾಲದ ಬ್ಯಾಂಕಿಗೆ ದುಷ್ಕರ್ಮಿಗಳು ನುಗ್ಗಿ ಒಳಗಿದ್ದವರನ್ನು ಒತ್ತೆ ಹಿಡಿಯುತ್ತಾರೆ. ಕಮಾಂಡೊ ಆಗಿ ವಿಷ್ಣುವರ್ಧನ್ ಬಂದು ಬಿಡಿಸುತ್ತಾರೆ. ಇಂತಹ ಕಥೆಗೆ ಅರಮನೆ ಬೇಡ, ಪರದೇಶದ ಹಾಡು ಬೇಡ. ಒಂದು ಕಟ್ಟಡ, ಒಂದು ಬಂದೂಕು, ಹೆದರಿದ ನಾಲ್ಕು ಮುಖ ಸಾಕು. ಕೆನಡದಲ್ಲಾಗಲಿ ಕನ್ನಡದಲ್ಲಾಗಲಿ, ಕೈಯಲ್ಲಿ ಹೆಚ್ಚು ಹಣವಿಲ್ಲದ ನಿರ್ಮಾಪಕರು ಇದನ್ನೇ ಹಿಡಿಯುವುದು ಅದಕ್ಕಾಗಿ. ಗಿರಣಿಯಲ್ಲಿ ದುಡಿದು ಬಂದವನು ಎರಡು ಗಂಟೆ ಉಸಿರು ಬಿಗಿಹಿಡಿದು ನೋಡಿದರೆ ತಪ್ಪೇನೂ ಇಲ್ಲ.

ನಮ್ಮ ತಕರಾರು ಬೇರೆ. ಈ ಚಿತ್ರಗಳು ಕಲಿಸುವ ಪಾಠವೇನು? ಒತ್ತೆಯಾಳು ಎಂದರೆ ಹಣೆಗೆ ಬಂದೂಕು ಗುರಿಯಾದವನು. ಬಿಡಿಸುವವನು ಹೊರಗಿನಿಂದ ಬರುವ ವೀರ. ಒಳಗಿದ್ದವರ ಕೆಲಸ ಕಾದು ಕೂರುವುದು. ಈ ಪಾಠ ಸುಳ್ಳು.

ಮಾತನ್ನೇ ಬಿಡಿಸಿ ನೋಡೋಣ. ಒತ್ತೆ ಎಂದರೆ ಅಡವು. ಸಾಲಕ್ಕೆ ಅಡವಿಟ್ಟ ಮನುಷ್ಯನೇ ಒತ್ತೆಯಾಳು. ದೇವದುರ್ಗ, ಮಾನ್ವಿಯ ಹಳ್ಳಿಗಳಿಗೆ ಇದನ್ನು ಸಿನಿಮಾ ಹೇಳಿಕೊಡಬೇಕೆ? ಮಳೆ ಕೈಕೊಟ್ಟ ವರ್ಷ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮುಂಗಡ ತೀರುವ ತನಕ ಊರಿಗೆ ಮರಳುವಂತಿಲ್ಲ, ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕರೂ ಹೋಗುವಂತಿಲ್ಲ ಎಂದಾದರೆ ಅದು ಒತ್ತೆಯಲ್ಲದೆ ಮತ್ತೇನು?

“ಒಪ್ಪಿಯೇ ಹೋದರಲ್ಲ” ಎನ್ನುವ ಮಹನೀಯರಿದ್ದಾರೆ. ಹಸಿದವನ ಹೆಬ್ಬೆಟ್ಟನ್ನು ಕಾನೂನೇ ಒಪ್ಪಿಗೆಯೆಂದು ಒಪ್ಪುವುದಿಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯ ಪ್ರಕಾರ, ಮುಂಗಡದ ಕಾರಣಕ್ಕೆ ಓಡಾಡುವ, ಬೇರೆ ಕೆಲಸ ಹಿಡಿಯುವ ಸ್ವಾತಂತ್ರ್ಯ ಕಳೆದುಕೊಂಡವನು ಜೀತದಾಳು. ಅವನ ಸಾಲ ರದ್ದು. ಅದು ಜೀತದ ಸಾಲವಲ್ಲ ಎಂದು ಸಿದ್ಧಪಡಿಸುವ ಹೊಣೆ ಸಾಲ ಕೊಟ್ಟವನದೇ ಹೊರತು ಕೂಲಿಯದಲ್ಲ.

ಸಣ್ಣ ವ್ಯಾಪಾರಿಗಳೂ ನಕ್ಕು ಸುಮ್ಮನಾಗುವಂತಿಲ್ಲ. ವಾರದ ಕಂತು ತಪ್ಪಿದೊಡನೆ ಅಂಗಡಿ ಬಾಗಿಲಲ್ಲಿ ಬಂದು ಕೂರುವ ವಸೂಲಿಗಾರನ ಕೈಯಲ್ಲಿ ಬಂದೂಕಿದೆಯೆ? ಆದರೂ ಮನೆಗೆ ಬೀಗ ಹಾಕಿ ಊರು ಬಿಟ್ಟವರುಂಟು. ಅದಕ್ಕಾಗಿಯೇ 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಕಿರುಸಾಲದ ಬಲವಂತದ ವಸೂಲಿಗೆ ಜೈಲುಶಿಕ್ಷೆ ವಿಧಿಸುವ ಸುಗ್ರೀವಾಜ್ಞೆ ತರಬೇಕಾಯಿತು.

2000ರ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ರಾಜಕುಮಾರ್ ಅವರನ್ನು ಒಯ್ದಾಗ 108 ದಿನ ನಾಡೇ ತಳಮಳಿಸಿತು. ಎರಡು ಸರಕಾರಗಳು ಸಂಧಾನಕ್ಕೆ ಓಡಾಡಿದವು. ಓಡಾಡಬೇಕಾದದ್ದೇ. ಆದರೆ ಇಟ್ಟಿಗೆ ಭಟ್ಟಿಯಲ್ಲಿ ಸಿಕ್ಕಿಬಿದ್ದ ಕೂಲಿಯ ದಿನಗಳನ್ನು ಎಣಿಸುವವರು ಯಾರು?

ಆ ಲೆಕ್ಕಕ್ಕೂ ಕಾಯಿದೆಯಲ್ಲಿ ಜಾಗವಿದೆ. ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು. ಆ ಸಮಿತಿಗಳು ರಾಯಚೂರಿನ ಕಚೇರಿ ಬಿಟ್ಟು ದೇವದುರ್ಗ, ಮಾನ್ವಿಗೆ ಬಂದು, ಗುಳೆ ಹೋದ ಮನೆಗಳ ಮುಂದೆ ಕುಳಿತು ವಿಚಾರಿಸಲಿ ಎಂದು ನಾವು ಒತ್ತಾಯಿಸುತ್ತೇವೆ. ಬಂಧುಗಳೇ, ನಿಮ್ಮ ಓಣಿಯಲ್ಲಿ ಇಂತಹ ಒಂದು ಕುಟುಂಬ ಗೊತ್ತಿದ್ದರೆ ಜಿಲ್ಲಾಧಿಕಾರಿಗೆ ಅರ್ಜಿ ಬರೆಯಿರಿ, ಹೆಸರು ಹಾಕಿರಿ, ಕರೆದಾಗ ಸಾಕ್ಷಿಗೆ ನಿಲ್ಲಿರಿ. ಇಲ್ಲಿಗೆ ಯಾವ ಕಮಾಂಡೊವೂ ಬರುವುದಿಲ್ಲ.